ಹೋಮ್‌ಲ್ಯಾಂಡ್ ಧಾರಾವಾಹಿಯ ಕೊನೆ: ಬ್ರೋಡಿಗೆ ಏನಾಯಿತು, ಕ್ಯಾರಿಗೆ ಏನಾಯಿತು (ಪದೇ ಪದೇ ಕೇಳುವ ಪ್ರಶ್ನೆಗಳು)

ಹೋಮ್‌ಲ್ಯಾಂಡ್ ಅನ್ನುವ ಈ ಅಮೆರಿಕದ ಗೂಢಚಾರ ಧಾರಾವಾಹಿ ನೋಡು ಅಂತ ನಾನು ಯಾರಿಗೆ ಹೇಳಿದರೂ ಕೆಲವು ವಾರ ಕಳೆದ ಮೇಲೆ ಅವರಿಂದ ಪ್ರಶ್ನೆ ಬರುತ್ತದೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಕಥೆಯ ಗುಟ್ಟುಗಳೆಲ್ಲ ಇಲ್ಲಿ ಬಿಚ್ಚಿವೆ. ಇನ್ನೂ ನೋಡಿಲ್ಲ ಅಂದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ನೋಡಿ ಮುಗಿಸಿ ಆಮೇಲೆ ಬನ್ನಿ.

ಕೊನೆ ಅಂದರೆ ಯಾವ ಕೊನೆ? ಬ್ರೋಡಿ ಸಾಯುವುದಾ, ಕೊನೇ ಸೀಸನ್ನಾ?

ಎರಡೂ. ಈ ಧಾರಾವಾಹಿಗೆ ಎರಡು ಕೊನೆಗಳಿವೆ. ಮೊದಲನೆಯದು ಮೂರನೇ ಸೀಸನ್‌ನ 12ನೇ ಕಂತು, "ದಿ ಸ್ಟಾರ್". ಅದು 2013ರ ಡಿಸೆಂಬರ್ 15ರಂದು ಬಂತು. ನಿಕೋಲಸ್ ಬ್ರೋಡಿಯ ಕಥೆ ಅಲ್ಲಿಗೆ ಮುಗಿಯುತ್ತದೆ. ಎರಡನೆಯದು ಎಂಟನೇ ಸೀಸನ್‌ನ ಕೊನೆಯ ಕಂತು, "ಪ್ರಿಸನರ್ಸ್ ಆಫ್ ವಾರ್", ಅಂದರೆ ಯುದ್ಧಕೈದಿಗಳು. ಅದು ಬಂದಿದ್ದು 2020ರ ಏಪ್ರಿಲ್ 26ರಂದು. ಅಲ್ಲಿ ಕ್ಯಾರಿ ಮ್ಯಾಥಿಸನ್ ಕಥೆ ಮುಗಿಯುತ್ತದೆ. ಎಷ್ಟೋ ಜನ ಮೊದಲನೇ ಕೊನೆ ನೋಡಿ ಟಿವಿ ಆರಿಸಿ ಎದ್ದುಬಿಟ್ಟಿದ್ದಾರೆ. ಬ್ರೋಡಿಯೇ ಇಲ್ಲ ಅಂದಮೇಲೆ ಇನ್ನೇನು ನೋಡೋದು ಅನ್ನುವ ಅವರ ಬೇಸರ ನನಗೆ ಅರ್ಥ ಆಗುತ್ತದೆ. ಆದರೂ ಆ ಎರಡು ಕಂತುಗಳನ್ನು ಜೊತೆಗಿಟ್ಟು ನೋಡಿದರೇನೇ ಕಥೆ ಪೂರ್ತಿ ಆಗುವುದು ಅಂತ ನಾನು ನಂಬಿದ್ದೇನೆ. ಸೆರೆಯಿಂದ ವಾಪಸ್ ಬಂದವನು ಈಗಲೂ ನಮ್ಮವನೇನಾ, ಅವನನ್ನು ನಂಬಬಹುದಾ ಅನ್ನುವ ಪ್ರಶ್ನೆ ಮೊದಲ ಕಂತಿನಲ್ಲಿ ಬ್ರೋಡಿಯ ಹೆಗಲೇರುತ್ತದೆ. ಅವನು ಸತ್ತ ಮೇಲೂ ಅದು ಇಳಿಯುವುದಿಲ್ಲ, ಹೆಗಲು ಬದಲಾಯಿಸುತ್ತದೆ ಅಷ್ಟೇ.

ಕಥೆ ಮರೆತುಹೋಗಿದೆ, ಸ್ವಲ್ಪ ನೆನಪಿಸ್ತೀರಾ?

ಬ್ರೋಡಿ ಅಮೆರಿಕದ ಮರೀನ್ ಸಾರ್ಜೆಂಟ್, ಗುರಿಕಾರ. 2003ರಲ್ಲಿ ಇರಾಕಿನಲ್ಲಿ ಸೆರೆ ಸಿಕ್ಕಿದವನು ಎಂಟು ವರ್ಷ ಆದ ಮೇಲೆ ಅಫ್ಘಾನಿಸ್ತಾನದ ಒಂದು ದಾಳಿಯಲ್ಲಿ ಜೀವಂತ ಸಿಗುತ್ತಾನೆ. ಸತ್ತ ಅಂದುಕೊಂಡಿದ್ದ ಗಂಡ ಮನೆಗೆ ಬರುತ್ತಾನೆ. ಹೆಂಡತಿ ಜೆಸಿಕಾ ಅಷ್ಟು ಹೊತ್ತಿಗೆ ಅವನ ಸ್ನೇಹಿತ ಮೈಕ್‌ಗೆ ಹತ್ತಿರ ಆಗಿರುತ್ತಾಳೆ. ಊರಿಗೆ ಊರೇ ಬ್ರೋಡಿಯನ್ನು ವೀರ ಅಂತ ಹೊತ್ತು ಮೆರೆಸುವಾಗ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಕ್ಯಾರಿ ಒಬ್ಬಳಿಗೆ ಅನುಮಾನ. ಒಬ್ಬ ಅಮೆರಿಕನ್ ಯುದ್ಧಕೈದಿ ಶತ್ರುಗಳ ಕಡೆ ತಿರುಗಿದ್ದಾನೆ ಅಂತ ಇರಾಕಿನ ಜೈಲಿನಲ್ಲಿ ಒಬ್ಬ ಕೈದಿ ಅವಳ ಕಿವಿಯಲ್ಲಿ ಹೇಳಿರುತ್ತಾನೆ.

ಅವಳ ಅನುಮಾನ ಸರಿ ಇತ್ತು, ಮುಂದೆ ಅವನನ್ನೇ ಪ್ರೀತಿಸಿದಳು ಅನ್ನುವುದು ಬೇರೆ. ಬ್ರೋಡಿಯನ್ನು ಹಿಡಿದಿಟ್ಟಿದ್ದ ಉಗ್ರರ ನಾಯಕ ಅಬು ನಜೀರ್ ಮೊದಲು ಅವನನ್ನು ಮುರಿದ, ಆಮೇಲೆ ಪ್ರೀತಿಯಿಂದ ನೋಡಿಕೊಂಡ. ತನ್ನ ಪುಟ್ಟ ಮಗ ಈಸಾನಿಗೆ ಇಂಗ್ಲಿಷ್ ಕಲಿಸುವ ಕೆಲಸ ಕೊಟ್ಟ. ಅಮೆರಿಕದ ಡ್ರೋನ್ ದಾಳಿಯಲ್ಲಿ ಈಸಾ ಸತ್ತ. ಅವನ ಜೊತೆ 82 ಮಕ್ಕಳು ಸತ್ತರು. ಅಮೆರಿಕ ಅದನ್ನು ಒಪ್ಪಿಕೊಳ್ಳಲೇ ಇಲ್ಲ. ಬ್ರೋಡಿ ಬಾಂಬ್ ಕಟ್ಟಿಕೊಂಡು ಬಂದಿದ್ದು ಆ ಮಗುವಿಗಾಗಿ. ಕೊನೇ ಗಳಿಗೆಯಲ್ಲಿ ಮಗಳು ಡೇನಾ ಫೋನಿನಲ್ಲಿ ಮನೆಗೆ ಬಾ ಅಪ್ಪ ಅಂತ ಅತ್ತಾಗ ಅವನು ಗುಂಡಿ ಒತ್ತದೆ ನಿಲ್ಲಿಸಿದ. ಅದು ಮೊದಲ ಸೀಸನ್.

ಬ್ರೋಡಿ ನಿಜವಾಗಿಯೂ ಸತ್ತನಾ? ಏನಾದರೂ ನಾಟಕ ಇರಬಹುದಾ?

ಸತ್ತ. ಟೆಹ್ರಾನಿನ ಒಂದು ಚೌಕದಲ್ಲಿ, ಜನರ ಕಣ್ಣೆದುರೇ, ಕ್ರೇನಿಗೆ ನೇಣು ಕಟ್ಟಿ ಮೇಲಕ್ಕೆ ಎತ್ತುತ್ತಾರೆ. ಕ್ಯಾಮರಾ ಅಲ್ಲಿಂದ ಬೇಗ ಸರಿಯುವುದೂ ಇಲ್ಲ. ಈ ಪ್ರಶ್ನೆ ಯಾಕೆ ಇಷ್ಟು ಸಲ ಬರುತ್ತದೆ ಅಂದರೆ ನಾಲ್ಕನೇ ಸೀಸನ್‌ನಲ್ಲಿ ಅವನು ಮತ್ತೆ ಒಮ್ಮೆ ಕಾಣಿಸಿಕೊಳ್ಳುತ್ತಾನೆ. ಕ್ಯಾರಿಗೆ ಮನಸ್ಸಿನ ಕಾಯಿಲೆ ಇದೆ, ಯಾರೋ ಅದರ ಮಾತ್ರೆ ಬದಲಾಯಿಸಿರುತ್ತಾರೆ, ತಲೆ ಕೆಟ್ಟ ಆ ಸ್ಥಿತಿಯಲ್ಲಿ ಅವಳಿಗೆ ಬ್ರೋಡಿ ಎದುರು ನಿಂತ ಹಾಗೆ ಅನಿಸುತ್ತದೆ. ಅವಳು ಅವನನ್ನು ತಬ್ಬಿಕೊಂಡು ಅಳುತ್ತಾಳೆ. ಅದು ಭ್ರಮೆ ಮಾತ್ರ.

ಅವನು ಟೆಹ್ರಾನಿಗೆ ಹೋಗಿದ್ದಾದರೂ ಯಾಕೆ?

ಎರಡನೇ ಸೀಸನ್ ಕೊನೆಯಲ್ಲಿ ಲ್ಯಾಂಗ್ಲಿಯ ಸಿಐಎ ಕಚೇರಿಯಲ್ಲಿ ಬಾಂಬ್ ಸಿಡಿದು 219 ಜನ ಸಾಯುತ್ತಾರೆ. ಬಾಂಬ್ ಇದ್ದಿದ್ದು ಬ್ರೋಡಿಯ ಕಾರಿನಲ್ಲಿ. ಮೊದಲ ಸೀಸನ್‌ನಲ್ಲಿ ಅವನು ಮಾಡಿಟ್ಟಿದ್ದ ತಪ್ಪೊಪ್ಪಿಗೆ ವಿಡಿಯೋ ಎಲ್ಲ ಟಿವಿಗಳಲ್ಲೂ ಬರುತ್ತದೆ. ಆ ಬಾಂಬ್ ಅವನು ಇಟ್ಟಿದ್ದಲ್ಲ, ಆದರೆ ನಂಬುವವರು ಯಾರು? ಓಡಿಹೋಗಿ ವೆನೆಜುವೆಲಾದ ಕ್ಯಾರಕಸ್‌ನಲ್ಲಿ ಅರ್ಧ ಕಟ್ಟಿ ಬಿಟ್ಟ ಒಂದು ದೊಡ್ಡ ಕಟ್ಟಡದಲ್ಲಿ ಹೆರಾಯಿನ್ ಚುಚ್ಚಿಕೊಂಡು ಬಿದ್ದಿರುತ್ತಾನೆ.

ಅಲ್ಲಿಂದ ಅವನನ್ನು ಎತ್ತಿಕೊಂಡು ಬರುವುದು ಸಾಲ್ ಬೆರೆನ್ಸನ್, ಕ್ಯಾರಿಯ ಗುರು. ಸಾಲ್‌ನ ಲೆಕ್ಕ ಹೀಗೆ: ಇರಾನಿನ ಬೇಹುಗಾರಿಕೆಯ ದೊಡ್ಡ ಅಧಿಕಾರಿ ಮಜೀದ್ ಜವಾದಿ ಆಗಲೇ ಸಾಲ್‌ನ ಹಿಡಿತಕ್ಕೆ ಸಿಕ್ಕಿದ್ದಾನೆ, ಅವನ ಮೇಲಿನವನು ರೆವಲ್ಯೂಷನರಿ ಗಾರ್ಡ್ ಅನ್ನುವ ಇರಾನಿನ ಸೇನಾಪಡೆಯ ಮುಖ್ಯಸ್ಥ ಅಕ್ಬರಿ, ಆ ಅಕ್ಬರಿ ಹೋದರೆ ಆ ಕುರ್ಚಿಗೆ ಜವಾದಿ ಬರುತ್ತಾನೆ, ಆಗ ಇರಾನಿನ ಒಳಗೇ ಅಮೆರಿಕದ ಒಬ್ಬ ಮನುಷ್ಯ ಇದ್ದ ಹಾಗೆ. ಅಕ್ಬರಿಯ ಹತ್ತಿರ ಹೋಗಬಲ್ಲವನು ಇಡೀ ಭೂಮಿ ಮೇಲೆ ಬ್ರೋಡಿ ಒಬ್ಬನೇ, ಯಾಕಂದರೆ ಲ್ಯಾಂಗ್ಲಿ ಉಡಾಯಿಸಿದವನು ಅಂತ ಇರಾನ್ ಅವನನ್ನು ಅಪ್ಪಿಕೊಳ್ಳುತ್ತದೆ. ಅವನು ಮಾಡದ ಪಾಪವೇ ಅವನಿಗೆ ಒಳಗೆ ಹೋಗಲು ಚೀಟಿ.

ಇಲ್ಲಿ ಒಂದು ವಿಷಯ ಗಮನಿಸಿ. ಲ್ಯಾಂಗ್ಲಿ ಬಾಂಬಿನ ಹಿಂದಿದ್ದವನೇ ಈ ಜವಾದಿ. ಅವನಿಗೆ ಬಡ್ತಿ ಸಿಕ್ಕಿತು. ಮಾಡದವನಿಗೆ ನೇಣು.

ಬ್ರೋಡಿಯನ್ನು ಹಿಡಿದುಕೊಟ್ಟವರು ಯಾರು? ಸಾಲ್‌ಗೆ ಗೊತ್ತಿತ್ತಾ?

ಸಾಲ್‌ಗೆ ಗೊತ್ತಿರಲಿಲ್ಲ. ಬ್ರೋಡಿ ಅಕ್ಬರಿಯನ್ನು ಅವನ ಕೋಣೆಯಲ್ಲೇ ಕೊಂದು, ಹೇಗೋ ಹೊರಗೆ ಬಂದು, ಕ್ಯಾರಿಯ ಜೊತೆ ಊರಾಚೆಯ ಒಂದು ಮನೆಯಲ್ಲಿ ಅಡಗಿರುತ್ತಾನೆ. ಅವರನ್ನು ಕರೆದೊಯ್ಯಲು ಹೆಲಿಕಾಪ್ಟರ್ ಹೊರಟಿರುತ್ತದೆ. ಅಷ್ಟರಲ್ಲಿ ಸಿಐಎ ಮುಖ್ಯಸ್ಥನಾಗಿ ಬರಲಿದ್ದ ಲಾಕ್‌ಹಾರ್ಟ್, ಸಿಐಎಯ ಇನ್ನೊಬ್ಬ ಅಧಿಕಾರಿ ದಾರ್ ಅದಾಲ್‌ನನ್ನು ಜೊತೆಗಿಟ್ಟುಕೊಂಡು, ಹೆಲಿಕಾಪ್ಟರನ್ನು ವಾಪಸ್ ಕರೆಸಿ ಅಡಗಿದ್ದ ಜಾಗವನ್ನು ಜವಾದಿಗೆ ಹೇಳಿಬಿಡುತ್ತಾನೆ. ಅಕ್ಬರಿಯನ್ನು ಕೊಂದವನನ್ನು ಹಿಡಿದವನು ಜವಾದಿ ಅಂತಾದರೆ ಅವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಕುರ್ಚಿ ಗಟ್ಟಿ. ಕಾಗದದ ಮೇಲೆ ನೋಡಿದರೆ ಬಹಳ ಒಳ್ಳೆಯ ಯೋಜನೆ. ನಾಲ್ಕು ತಿಂಗಳು ಕಳೆದ ಮೇಲೆ ಇರಾನ್ ತನ್ನ ಅಣು ಕೇಂದ್ರಗಳನ್ನು ತಪಾಸಣೆಗೆ ತೆರೆಯಿತು ಅಂತ ಸುದ್ದಿ ಬರುತ್ತದೆ. ಸಾಲ್ ಅಂದುಕೊಂಡಿದ್ದೆಲ್ಲ ನಡೆಯಿತು. ಆ ಸುದ್ದಿ ಕೇಳಿದಾಗ ಸಾಲ್ ಆಗಲೇ ಕೆಲಸ ಬಿಟ್ಟು ದೂರದಲ್ಲಿ ಇರುತ್ತಾನೆ. ಅವನ ಮುಖದಲ್ಲಿ ಸಮಾಧಾನ ಕಾಣುತ್ತದೆ ನಿಜ, ಆದರೆ ಆ ಸಮಾಧಾನಕ್ಕೆ ಕೊಟ್ಟ ಬೆಲೆ ಯಾರ ಕುತ್ತಿಗೆ ಅಂತ ನೋಡುವವರಿಗೆ ಗೊತ್ತಲ್ವಾ.

ಕ್ಯಾರಿ ಅವನನ್ನು ಉಳಿಸಬಹುದಿತ್ತಲ್ಲ?

ಬಹಳ ಪ್ರಯತ್ನಪಟ್ಟಳು. ಜವಾದಿಯ ಹತ್ತಿರ ಅಂಗಲಾಚಿದಳು. ಆಗ ಜವಾದಿ ಆಡುವ ಮಾತು ನನಗೆ ಇಡೀ ಧಾರಾವಾಹಿಯ ತಿರುಳು ಅನಿಸುತ್ತದೆ. ಬ್ರೋಡಿ ಎಂಥವನು ಅನ್ನುವುದು ಅಲ್ಲಾಹನಿಗೆ ಬಿಟ್ಟಿದ್ದು, ಆದರೆ ಅವನು ಮಾಡಿದ ಕೆಲಸವನ್ನು ಯಾರೂ ಅಲ್ಲಗಳೆಯಲಾರರು, ನೀನು ಅವನಲ್ಲಿ ಏನು ಕಂಡೆಯೋ ಅದನ್ನು ಬೇರೆಯವರೂ ಕಾಣಬೇಕು ಅನ್ನುವುದೇ ನಿನ್ನ ಆಸೆಯಾಗಿತ್ತು, ಅದು ಈಗ ಆಗಿದೆ ಅನ್ನುವ ಅರ್ಥದ ಮಾತು. ಒಬ್ಬ ಕೊಲೆಗಡುಕನ ಬಾಯಿಂದ ಈ ಮಾತು ಬರುತ್ತದೆ, ಆದರೂ ಸುಳ್ಳು ಅನಿಸುವುದಿಲ್ಲ.

ನೇಣಿನ ಹಿಂದಿನ ರಾತ್ರಿ ಜೈಲಿಗೆ ಕ್ಯಾರಿಯ ಫೋನ್ ಹೋಗುತ್ತದೆ. ಬ್ರೋಡಿಗೆ ಇನ್ನು ಓಡುವ ಆಸೆ ಇಲ್ಲ, ಇದು ಮುಗಿದರೆ ಸಾಕಾಗಿದೆ. ನೀನು ಅಲ್ಲಿಗೆ ಬರಬೇಡ ಅನ್ನುತ್ತಾನೆ. ಅವಳು ಬಂದೇ ಬರುತ್ತೇನೆ ಅನ್ನುತ್ತಾಳೆ. ಬಂದಳು. ಜನ ಕೂಗುತ್ತಿದ್ದಾರೆ, ಅವನ ಕಣ್ಣು ಯಾರನ್ನೂ ನೋಡುತ್ತಿಲ್ಲ. ಅವಳು ಕಬ್ಬಿಣದ ಬೇಲಿ ಹತ್ತಿ ಅವನ ಹೆಸರು ಹಿಡಿದು ಕೂಗುತ್ತಾಳೆ. ಅವನು ನೋಡುತ್ತಾನೆ. ಕಾವಲಿನವನು ಅವಳನ್ನು ಹೊಡೆದು ಕೆಳಗೆ ಬೀಳಿಸುತ್ತಾನೆ. ಅಷ್ಟೇ ಇರುವುದು. ಎಂಟು ವರ್ಷ ನೆಲಮಾಳಿಗೆಯಲ್ಲಿ ಯಾರಿಗೂ ಕಾಣದೆ ಕೊಳೆತ ಮನುಷ್ಯನಿಗೆ, ಸಾಯುವಾಗ ತನ್ನನ್ನು ನಿಜವಾಗಿ ಬಲ್ಲ ಒಂದು ಮುಖ ಕಂಡಿತು. ನಾನು ಈ ಕಂತನ್ನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಆ ಬೇಲಿಯ ಹತ್ತಿರ ಬಂದಾಗ ಕಣ್ಣು ಒದ್ದೆಯಾಗಿದೆ.

ಹಾಗಾದರೆ ಬ್ರೋಡಿ ದೇಶದ್ರೋಹಿಯಾ, ವೀರನಾ?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಜನ ಒಂದೇ ಮಾತಿನ ಉತ್ತರ ಕೇಳುತ್ತಾರೆ, ನನ್ನ ಹತ್ತಿರ ಇಲ್ಲ.

ಅವನು ತಪ್ಪು ಮಾಡಿದ್ದಾನೆ, ಅದನ್ನು ಮುಚ್ಚುವುದು ಬೇಡ. ತನ್ನ ಜೊತೆಗೇ ಸೆರೆ ಸಿಕ್ಕಿದ್ದ ವಾಕರ್‌ನನ್ನು ಗುಂಡಿಟ್ಟು ಕೊಂದ. ಈಸಾನನ್ನು ಕೊಂದ ಆ ಡ್ರೋನ್ ದಾಳಿ ಮಾಡಿಸಿದ್ದ ಉಪಾಧ್ಯಕ್ಷ ವಾಲ್ಡನ್‌ನ ಎದೆಯ ಪೇಸ್‌ಮೇಕರ್ ಕೆಡಿಸಲು ಬೇಕಾದ ಸಂಖ್ಯೆಯನ್ನು ಕದ್ದುಕೊಟ್ಟ, ವಾಲ್ಡನ್ ಒದ್ದಾಡುವಾಗ ನಿಂತು ನೋಡಿದ. ಅದರಲ್ಲಿ ಕ್ಯಾರಿಯ ಜೀವ ಉಳಿಸುವ ಉದ್ದೇಶವೂ ಇತ್ತು, ಈಸಾನ ಸಿಟ್ಟೂ ಇತ್ತು. ಮನೆಯವರಿಗೆ ದಿನಾ ಸುಳ್ಳು ಹೇಳಿದ. ಆದರೆ ಸುಮ್ನೆ ಒಮ್ಮೆ ಅವನ ಜಾಗದಲ್ಲಿ ನಿಂತು ನೋಡಿ. ಎರಡು ಕಡೆಯವರೂ ಅವನನ್ನು ಉಪಕರಣದ ಹಾಗೆ ಬಳಸಿದರು. ನಜೀರ್ ಅವನನ್ನು ಮುರಿದು ಬೇಕಾದ ಹಾಗೆ ಜೋಡಿಸಿದ. ಸಿಐಎ ಅದನ್ನೇ ಇನ್ನೊಂದು ಸಲ ಮಾಡಿತು, ನಶೆ ಬಿಡಿಸಿ, ಓಡಿಸಿ, ತರಬೇತಿ ಕೊಟ್ಟು, ಇನ್ನೊಂದು ದೇಶಕ್ಕೆ ಕಳಿಸಿತು. ಎಂಟು ವರ್ಷದ ಸೆರೆಯ ಮೇಲೆ ಬ್ರೋಡಿಗೆ ಒಂದು ದಿನವೂ ಸ್ವಂತ ಅನ್ನುವ ಬದುಕು ಸಿಗಲಿಲ್ಲ. ಮನೆಗೆ ಬಂದ ಮೊದಲ ದಿನಗಳಲ್ಲಿ ಅವನು ಹಾಸಿಗೆ ಬಿಟ್ಟು ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಮುದುರಿ ಕೂರುತ್ತಾನೆ ನೋಡಿ, ಅಲ್ಲೇ ಹೇಳಿಬಿಟ್ಟಿದ್ದಾರೆ, ದೇಹ ಮಾತ್ರ ಬಂದಿದೆ ಅಂತ.

ನನ್ನ ಮಟ್ಟಿಗೆ ಬ್ರೋಡಿ ಯುದ್ಧಕೈದಿ. ಮೊದಲ ಕಂತಿನಲ್ಲೂ, ಕ್ರೇನಿನ ಕೆಳಗೂ. ಬಿಡುಗಡೆ ಅನ್ನುವುದು ಅವನಿಗೆ ಆಗಲೇ ಇಲ್ಲ.

ಗೋಡೆಯ ಮೇಲೆ ಕ್ಯಾರಿ ನಕ್ಷತ್ರ ಬರೆಯುವುದು ಯಾಕೆ?

ಲ್ಯಾಂಗ್ಲಿಯ ಸಿಐಎ ಮುಖ್ಯ ಕಚೇರಿಯಲ್ಲಿ ನಿಜಕ್ಕೂ ಅಂಥ ಗೋಡೆ ಇದೆ. ಕೆಲಸದ ಮೇಲೆ ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ನಕ್ಷತ್ರವನ್ನು ಬಿಳಿ ಅಮೃತಶಿಲೆಯಲ್ಲಿ ಕೆತ್ತುತ್ತಾರೆ. 1974ರಲ್ಲಿ ಶುರುವಾದಾಗ 31 ನಕ್ಷತ್ರ ಇದ್ದವು, ಈಗ ನೂರು ದಾಟಿವೆ. ಗೋಡೆಯ ಮೇಲೆ ಹೆಸರು ಬರೆಯುವುದಿಲ್ಲ. ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಇದೆ, ಅದರಲ್ಲಿ ಕೆಲವರ ಹೆಸರಿದೆ, ಇನ್ನು ಕೆಲವರ ಹೆಸರು ಇವತ್ತಿಗೂ ಗುಟ್ಟು. ಅವರ ಪಾಲಿಗೆ ಅಲ್ಲೂ ಬರೀ ನಕ್ಷತ್ರ.

ಧಾರಾವಾಹಿಯಲ್ಲಿ ಲ್ಯಾಂಗ್ಲಿ ಬಾಂಬಿಗೆ ಸಿಕ್ಕವರಿಗೆ ನಮನ ಸಲ್ಲಿಸುವ ಕಾರ್ಯಕ್ರಮ ನಡೆಯುತ್ತದೆ. ಬ್ರೋಡಿಗೂ ಒಂದು ನಕ್ಷತ್ರ ಕೊಡಿ ಅಂತ ಕ್ಯಾರಿ ಕೇಳುತ್ತಾಳೆ, ಲಾಕ್‌ಹಾರ್ಟ್ ಆಗುವುದಿಲ್ಲ ಅನ್ನುತ್ತಾನೆ. ಎಲ್ಲರೂ ಹೋದ ಮೇಲೆ ಅವಳು ಒಂದು ಮಾರ್ಕರ್ ತೆಗೆದುಕೊಂಡು, ಕೆತ್ತಿದ ನಕ್ಷತ್ರಗಳ ಸಾಲಿನ ಪಕ್ಕ ಕೈಯಿಂದಲೇ ಒಂದು ನಕ್ಷತ್ರ ಬರೆಯುತ್ತಾಳೆ. ಗೆರೆ ಸೊಟ್ಟ. ಬೆಳಗ್ಗೆ ಕಸ ಗುಡಿಸಲು ಬರುವವರು ಒರೆಸಿದರೆ ಹೋಗಿಬಿಡುತ್ತದೆ. ಅವಳಿಗೂ ಅದು ಗೊತ್ತು. ಕಲ್ಲಿನಲ್ಲಿ ಕೆತ್ತುವ ಅಧಿಕಾರ ಅವಳಿಗಿಲ್ಲ, ಬರೆಯುವ ಅಧಿಕಾರವನ್ನು ಅವಳು ಯಾರ ಹತ್ತಿರವೂ ಕೇಳಲಿಲ್ಲ.

ಡೇನಾಗೆ ಅಪ್ಪನ ಸತ್ಯ ಗೊತ್ತಾಗುತ್ತದಾ?

ನಮಗೆ ಅದನ್ನು ತೋರಿಸುವುದೇ ಇಲ್ಲ. ಇರಾನಿಗೆ ಹೊರಡುವ ಮುಂಚೆ ಬ್ರೋಡಿ ಹಟ ಹಿಡಿದು ಮಗಳನ್ನು ನೋಡಲು ಹೋಗುತ್ತಾನೆ. ಅವಳು ಒಂದು ಮೋಟೆಲ್‌ನಲ್ಲಿ ಕೆಲಸ ಮಾಡುತ್ತಿರುತ್ತಾಳೆ. ಬಾಂಬ್ ನಾನಿಟ್ಟಿದ್ದಲ್ಲ ಅನ್ನುತ್ತಾನೆ. ಅವಳಿಗೆ ಕೇಳುವ ಶಕ್ತಿಯೇ ಉಳಿದಿಲ್ಲ, ಇನ್ನು ಯಾವತ್ತೂ ಬರಬೇಡ ಅನ್ನುತ್ತಾಳೆ. ಅದೇ ಅಪ್ಪ ಮಗಳ ಕೊನೆಯ ಮಾತು. ಡೇನಾ ಪಾತ್ರ ಕಿರಿಕಿರಿ ಅನ್ನುವವರು ತುಂಬಾ ಜನ ಇದ್ದಾರೆ, ನಾನು ಅವರ ಜೊತೆ ಇಲ್ಲ. ಬ್ರೋಡಿಯ ಬದುಕಿನಲ್ಲಿ ಅವನ ಕೈಯನ್ನು ಒಮ್ಮೆ ತಡೆದು ನಿಲ್ಲಿಸಿದ್ದು ಆ ಹುಡುಗಿಯೇ.

ಬ್ರೋಡಿ ಮೊದಲ ಸೀಸನ್‌ನಲ್ಲೇ ಸಾಯಬೇಕಿತ್ತು ಅನ್ನುತ್ತಾರಲ್ಲ, ಹೌದಾ?

ಆ ಯೋಚನೆ ಇತ್ತು ಅಂತ ಧಾರಾವಾಹಿ ಮಾಡಿದವರೇ ಹೇಳಿದ್ದಾರೆ. ಬ್ರೋಡಿಯಾದ ಡೇಮಿಯನ್ ಲೂಯಿಸ್ ಮತ್ತು ಕ್ಯಾರಿಯಾದ ಕ್ಲೇರ್ ಡೇನ್ಸ್ ಜೋಡಿ ಎಷ್ಟು ಹಿಡಿಸಿತು ಅಂದರೆ ಬ್ರೋಡಿಯ ಆಯಸ್ಸು ಉದ್ದವಾಯಿತು. 2012ರಲ್ಲಿ ಎಮ್ಮಿ ಪ್ರಶಸ್ತಿಯಲ್ಲಿ ಅತ್ಯುತ್ತಮ ಡ್ರಾಮಾ, ಅತ್ಯುತ್ತಮ ನಟ, ಅತ್ಯುತ್ತಮ ನಟಿ ಮೂರೂ ಇದಕ್ಕೇ ಬಂದವು. ಇನ್ನೂ ಎಳೆಯುತ್ತಾ ಹೋಗಿದ್ದರೆ ಪಾತ್ರ ಸವೆದುಹೋಗುತ್ತಿತ್ತು, ಮೂರನೇ ಸೀಸನ್‌ಗೆ ಮುಗಿಸಿದ್ದು ಸರಿ.

ಕೊನೇ ಕಂತಿಗೆ "ಯುದ್ಧಕೈದಿಗಳು" ಅಂತ ಯಾಕೆ ಹೆಸರು? ಅಲ್ಲಿ ಬ್ರೋಡಿಯೇ ಇಲ್ಲವಲ್ಲ?

ಹೋಮ್‌ಲ್ಯಾಂಡ್‌ಗೆ ಮೂಲ ಇಸ್ರೇಲಿನ "ಹತುಫಿಮ್" ಅನ್ನುವ ಹೀಬ್ರೂ ಧಾರಾವಾಹಿ, ಮಾಡಿದವರು ಗಿಡಿಯನ್ ರಾಫ್. ಅದು ಹೊರದೇಶಗಳಿಗೆ ಹೋಗಿದ್ದು "ಪ್ರಿಸನರ್ಸ್ ಆಫ್ ವಾರ್" ಅನ್ನುವ ಹೆಸರಿನಲ್ಲೇ. ಕೊನೆಯ ಕಂತಿಗೆ ಆ ಹೆಸರಿಟ್ಟು ಬೇರಿಗೆ ಕೈ ಮುಗಿದಿದ್ದಾರೆ. ಅದು ಒಂದು ಕಾರಣ.

ಇನ್ನೊಂದು ಕಾರಣ ಕಥೆಯ ಒಳಗೇ ಇದೆ. ಏಳನೇ ಸೀಸನ್ ಕೊನೆಯಲ್ಲಿ ಕ್ಯಾರಿ ರಷ್ಯಾದವರ ಕೈಗೆ ಸಿಕ್ಕಿ ಏಳು ತಿಂಗಳು ಸೆರೆಯಲ್ಲಿರುತ್ತಾಳೆ. ಅವಳಿಗೆ ಬೈಪೋಲಾರ್ ಅನ್ನುವ ಮನಸ್ಸಿನ ಕಾಯಿಲೆ, ಮಾತ್ರೆ ಇಲ್ಲದೆ ಆಗುವುದಿಲ್ಲ, ಅಲ್ಲಿ ಮಾತ್ರೆ ಕೊಡುವುದಿಲ್ಲ. ಬಿಟ್ಟು ಕಳಿಸುವಾಗ ಅವಳಿಗೆ ಎದುರಿಗಿರುವವರ ಗುರುತು ಸಿಗುವುದೂ ಕಷ್ಟ. ಎಂಟನೇ ಸೀಸನ್ ಶುರುವಾಗುವಾಗ ಅವಳದೇ ಜನ ಅವಳಿಗೆ ಸುಳ್ಳುಪತ್ತೆ ಯಂತ್ರ ಕಟ್ಟಿ ಕೇಳುತ್ತಾರೆ: ಅಲ್ಲಿ ಏನು ಹೇಳಿದೆ? ಅವರ ಕಡೆ ತಿರುಗಿದೆಯಾ? ಅವಳಿಗೆ ಎಷ್ಟೋ ನೆನಪೇ ಇಲ್ಲ. ಮೊದಲ ಸೀಸನ್‌ನಲ್ಲಿ ಅವಳು ಬ್ರೋಡಿಯನ್ನು ಹೇಗೆ ನೋಡಿದ್ದಳೋ ಈಗ ಎಲ್ಲರೂ ಅವಳನ್ನು ಹಾಗೆ ನೋಡುತ್ತಾರೆ. ಒಂಬತ್ತು ವರ್ಷ ತಾಳ್ಮೆಯಿಂದ ಕಾದು ಈ ತಿರುವು ತಂದಿದ್ದಾರಲ್ಲ, ಅದಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಕ್ಯಾರಿ ನಿಜವಾಗಿ ದೇಶಕ್ಕೆ ದ್ರೋಹ ಮಾಡಿದಳಾ? ಆ ಕೆಂಪು ಪುಸ್ತಕದ ಕಥೆ ಏನು?

ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ.

ಅಫ್ಘಾನಿಸ್ತಾನದಲ್ಲಿ ಅಮೆರಿಕದ ಅಧ್ಯಕ್ಷ ಇದ್ದ ಹೆಲಿಕಾಪ್ಟರ್ ಬಿದ್ದು ಅವನು ಸಾಯುತ್ತಾನೆ. ಯಾರೋ ಹೊಡೆದು ಬೀಳಿಸಿದರು ಅಂತ ಎಲ್ಲರೂ ನಂಬಿ, ಅಮೆರಿಕ ಮತ್ತು ಪಾಕಿಸ್ತಾನ ಯುದ್ಧದ ಅಂಚಿಗೆ ಬಂದು ನಿಲ್ಲುತ್ತವೆ. ಎರಡೂ ಅಣುಬಾಂಬ್ ಇರುವ ದೇಶಗಳು. ನಿಜದಲ್ಲಿ ಹೆಲಿಕಾಪ್ಟರ್ ಕೆಟ್ಟು ಬಿದ್ದಿದ್ದು. ಅದಕ್ಕೆ ಸಾಕ್ಷಿ ಹೆಲಿಕಾಪ್ಟರಿನ ಧ್ವನಿಮುದ್ರಣ, ಅದು ಇರುವುದು ರಷ್ಯಾದ ಗೂಢಚಾರ ಯೆವ್ಗೆನಿಯ ಕೈಯಲ್ಲಿ. ಅವನು ಅದಕ್ಕೆ ಬದಲಾಗಿ ಕೇಳುವುದು ಒಂದೇ ಒಂದು ಹೆಸರು: ಮಾಸ್ಕೋದಲ್ಲಿ ಸಾಲ್‌ಗೆ ವರ್ಷಗಟ್ಟಲೆ ಸುದ್ದಿ ಕೊಡುತ್ತಿರುವವರು ಯಾರು?

ಆ ವ್ಯಕ್ತಿ ಆನಾ ಅನ್ನುವ ದುಭಾಷಿ. ಸಾಲ್ ಅವಳನ್ನು ಎಷ್ಟೋ ವರ್ಷ ಕಾಪಾಡಿಕೊಂಡು ಬಂದಿದ್ದಾನೆ. ಅವಳು ಸುದ್ದಿ ಕಳಿಸುತ್ತಿದ್ದುದು ಕೆಂಪು ರಟ್ಟಿನ ಪುಸ್ತಕಗಳ ಬೆನ್ನಿನೊಳಗೆ ಚೀಟಿ ಅಡಗಿಸಿ. ಕ್ಯಾರಿ ಸಾಲ್‌ನ ಹತ್ತಿರ ಕೇಳುತ್ತಾಳೆ, ಅವನು ಕೊಡುವುದಿಲ್ಲ. ಅವನಿಗೆ ಮೈ ಮರಗಟ್ಟುವ ಮದ್ದು ಕೊಟ್ಟು, ರಷ್ಯಾದವರನ್ನು ಒಳಗೆ ಬಿಟ್ಟು, ಸಾವಿನ ಬಾಗಿಲವರೆಗೂ ಒಯ್ಯುತ್ತಾಳೆ, ಆಗಲೂ ಅವನು ಬಾಯಿ ಬಿಡುವುದಿಲ್ಲ. ಕೊಲ್ಲಲು ಅವಳು ಬಿಡುವುದಿಲ್ಲ. ಸಾಲ್‌ನ ತಂಗಿಯ ಮನೆಗೆ ಹೋಗಿ ಅವನು ಸತ್ತ ಅಂತ ಸುಳ್ಳು ಹೇಳಿ, ಸತ್ತರೆ ಕ್ಯಾರಿಗೆ ಕೊಡು ಅಂತ ಅವನು ಇಟ್ಟಿದ್ದನ್ನು ಪಡೆಯುತ್ತಾಳೆ. ಹೆಸರು ಯೆವ್ಗೆನಿಗೆ ಹೋಗುತ್ತದೆ. ಆನಾ ಸಿಕ್ಕಿಬೀಳುವ ಮುಂಚೆ ತಾನೇ ಗುಂಡು ಹಾರಿಸಿಕೊಂಡು ಸಾಯುತ್ತಾಳೆ. ಧ್ವನಿಮುದ್ರಣ ಹೊರಬರುತ್ತದೆ, ಯುದ್ಧ ನಿಲ್ಲುತ್ತದೆ.

ಎರಡು ವರ್ಷ ಆದ ಮೇಲೆ ಕ್ಯಾರಿ ಮಾಸ್ಕೋದಲ್ಲಿ ಯೆವ್ಗೆನಿ ಜೊತೆ ಇದ್ದಾಳೆ. ನಾನು ನನ್ನ ದೇಶಕ್ಕೆ ಯಾಕೆ ದ್ರೋಹ ಮಾಡಬೇಕಾಯಿತು ಅಂತ ಒಂದು ಪುಸ್ತಕ ಬರೆದಿದ್ದಾಳೆ. ಎಲ್ಲರ ಕಣ್ಣಲ್ಲೂ ಅವಳು ದ್ರೋಹಿ. ಅತ್ತ ಸಾಲ್ ಮನೆ ಖಾಲಿ ಮಾಡಿ ಸಾಮಾನು ಕಟ್ಟುತ್ತಿರುವಾಗ ಆ ಪುಸ್ತಕದ ಒಂದು ಪ್ರತಿ ಬರುತ್ತದೆ. ಅವನಿಗೆ ಹಳೆಯ ಅಭ್ಯಾಸ ನೆನಪಾಗಿ ಬೆನ್ನು ಸೀಳಿ ನೋಡಿದರೆ ಒಳಗೆ ಚೀಟಿ. ರಷ್ಯಾ ಹೊರಗೆ ಮಾರಿದ ಎಸ್-400 ಕ್ಷಿಪಣಿ ರಕ್ಷಣಾ ವ್ಯವಸ್ಥೆಯಲ್ಲಿ ಒಂದು ಹಿಂಬಾಗಿಲು ಇದೆ, ವಿವರ ಮುಂದೆ ಕಳಿಸುತ್ತೇನೆ ಅಂತ. (2018ರ ಅಕ್ಟೋಬರ್‌ನಲ್ಲಿ ನಮ್ಮ ದೇಶವೂ ಅದೇ ಎಸ್-400 ಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು, ಹಾಗಾಗಿ ಆ ಸಾಲು ಕೇಳಿ ನಾನು ಒಮ್ಮೆ ನೆಟ್ಟಗೆ ಕುಳಿತೆ.) ಆನಾ ಬಿಟ್ಟುಹೋದ ಜಾಗದಲ್ಲಿ ಈಗ ಕ್ಯಾರಿ ಕೂತಿದ್ದಾಳೆ. ತಾನು ತೆಗೆದದ್ದನ್ನು ತನ್ನ ಬದುಕಿನಿಂದಲೇ ತುಂಬಿಸಿ ಕೊಟ್ಟಳು.

ಆನಾ ವಿಷಯದಲ್ಲಿ ನನಗೆ ಇವತ್ತಿಗೂ ಸಮಾಧಾನ ಇಲ್ಲ ಅಂತಲೂ ಹೇಳಲೇಬೇಕು. ಯುದ್ಧ ನಿಂತಿತು ಸರಿ, ಆದರೆ ಆ ಹೆಂಗಸಿನ ಅನುಮತಿ ಯಾರೂ ಕೇಳಲಿಲ್ಲ. ಬ್ರೋಡಿಗೆ ಲಾಕ್‌ಹಾರ್ಟ್ ಮಾಡಿದ್ದನ್ನೇ ಆನಾಗೆ ಕ್ಯಾರಿ ಮಾಡಿದಳು.

ಕೊನೆಯ ಆ ನಗು ಯಾಕೆ?

ಜಾಝ್ ಕಛೇರಿಯಲ್ಲಿ ಯೆವ್ಗೆನಿಯ ಪಕ್ಕ ಕೂತು ಅವಳು ಮೆಲ್ಲನೆ ನಗುತ್ತಾಳೆ. ಸಾಲ್‌ಗೆ ಚೀಟಿ ತಲುಪಿದೆ ಅಂತ ಅವಳ ಲೆಕ್ಕ. ಜಾಝ್ ಮೊದಲ ಕಂತಿನಿಂದಲೂ ಅವಳ ಜೊತೆಗಿದೆ, ಬ್ರೋಡಿಯ ಬೆರಳ ಚಲನೆಯಲ್ಲಿ ಸಂಕೇತ ಇದೆ ಅಂತ ಅವಳಿಗೆ ಹೊಳೆದಿದ್ದೂ ಜಾಝ್ ಕೇಳುವಾಗಲೇ. ಈಗ ಅವಳೇ ಶತ್ರುವಿನ ಮನೆಯಲ್ಲಿ ಮುಖವಾಡ ಹಾಕಿ ಕೂತಿದ್ದಾಳೆ, ಬ್ರೋಡಿ ಜೆಸಿಕಾಳ ಪಕ್ಕ ಕೂತಿದ್ದ ಹಾಗೆ.

ಮಗಳು ಫ್ರಾನಿ?

ಬ್ರೋಡಿಯಿಂದ ಕ್ಯಾರಿಗೆ ಹುಟ್ಟಿದ ಮಗಳು ಅವಳು. ಕ್ಯಾರಿಯ ಅಕ್ಕ ಮ್ಯಾಗಿಯ ಹತ್ತಿರ ಬೆಳೆಯುತ್ತಾಳೆ. ಒಂದು ದಿನ ಅರ್ಥ ಮಾಡಿಕೊಂಡಾಳು ಅನ್ನುವ ಆಸೆಯಿಂದ ಕ್ಯಾರಿ ತನ್ನ ಪುಸ್ತಕವನ್ನು ಮಗಳಿಗೇ ಅರ್ಪಿಸಿದ್ದಾಳೆ. ಅಪ್ಪನೂ ಅಮ್ಮನೂ ದ್ರೋಹಿಗಳು ಅಂತ ಕೇಳಿಕೊಂಡು ಆ ಹುಡುಗಿ ಬೆಳೆಯಬೇಕು. ಎರಡೂ ಪೂರ್ತಿ ನಿಜ ಅಲ್ಲ. ಅದನ್ನು ಅವಳಿಗೆ ಹೇಳಬಲ್ಲವರು ಯಾರೂ ಬಾಯಿ ಬಿಡುವ ಹಾಗಿಲ್ಲ.

ಮೂಲ ಹತುಫಿಮ್‌ಗೂ ಇದಕ್ಕೂ ಏನು ವ್ಯತ್ಯಾಸ? ಹಿಂದಿಯಲ್ಲೂ ಬಂದಿತ್ತಲ್ವಾ?

ಹತುಫಿಮ್‌ನಲ್ಲಿ 17 ವರ್ಷ ಸೆರೆಯಲ್ಲಿದ್ದ ಮೂವರು ಸೈನಿಕರು. ಇಬ್ಬರು ಜೀವಂತ ಬರುತ್ತಾರೆ, ಮೂರನೆಯವನದು ಶವಪೆಟ್ಟಿಗೆ. ಮೊದಲ ಸೀಸನ್ ಕೊನೆಯಲ್ಲಿ ಆ ಮೂರನೆಯವನು ಬದುಕಿದ್ದಾನೆ ಅಂತ ಗೊತ್ತಾಗುತ್ತದೆ. ಅಲ್ಲಿ ಬಾಂಬ್, ಓಟ ಎಲ್ಲ ಕಡಿಮೆ. ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಲು ಪಡುವ ಕಷ್ಟ, ಅಪ್ಪನನ್ನೇ ನೋಡದ ಮಕ್ಕಳು, ಅಂಥದ್ದೇ ಜಾಸ್ತಿ. ಅದು ಬಂದಿದ್ದು 2010ರಲ್ಲಿ. ಆಗ ಗಿಲಾದ್ ಶಾಲಿತ್ ಅನ್ನುವ ಇಸ್ರೇಲಿ ಯೋಧ ನಿಜವಾಗಿಯೂ ಗಾಜಾದಲ್ಲಿ ಸೆರೆಯಲ್ಲಿದ್ದ. 2011ರ ಅಕ್ಟೋಬರ್ 18ರಂದು 1,027 ಕೈದಿಗಳ ಬದಲಿಗೆ ಅವನು ಬಿಡುಗಡೆಯಾದ. ಹೋಮ್‌ಲ್ಯಾಂಡ್‌ನ ಮೊದಲ ಕಂತು ಬಂದು ಆಗಿನ್ನೂ 16 ದಿನ.

ಹಿಂದಿಯಲ್ಲಿ 2016ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ "ಪಿ.ಒ.ಡಬ್ಲ್ಯು. ಬಂದಿ ಯುದ್ಧ್ ಕೇ" ಬಂತು, ಮಾಡಿದವರು ನಿಖಿಲ್ ಆಡ್ವಾಣಿ. ಕಾರ್ಗಿಲ್‌ನಲ್ಲಿ ಸೆರೆಯಾಗಿ 17 ವರ್ಷದ ಮೇಲೆ ಬರುವ ಇಬ್ಬರು ಯೋಧರ ಕಥೆ. ಅದು ಹತುಫಿಮ್‌ಗೆ ಹತ್ತಿರ, ಹೋಮ್‌ಲ್ಯಾಂಡ್‌ಗೆ ಅಲ್ಲ.

ನಿಜ ಜೀವನದಲ್ಲಿ ಹೀಗೆಲ್ಲ ಆಗುತ್ತದಾ?

ಬಾಂಬ್ ಕಟ್ಟಿಕೊಂಡು ಬರುವುದು ಕಥೆ. ಅನುಮಾನ ಮಾತ್ರ ನಿಜ. ಕೊರಿಯಾ ಯುದ್ಧ ಮುಗಿದ ಮೇಲೆ 21 ಅಮೆರಿಕನ್ ಕೈದಿಗಳು ವಾಪಸ್ ಬರಲ್ಲ ಅಂದಾಗ ಆ ದೇಶದಲ್ಲಿ ದೊಡ್ಡ ಗಾಬರಿಯೇ ಎದ್ದಿತ್ತು. ತಾಲಿಬಾನ್ ಕಡೆಯವರ ಸೆರೆಯಲ್ಲಿ ಐದು ವರ್ಷ ಇದ್ದ ಅಮೆರಿಕನ್ ಸೈನಿಕ ಬೋ ಬರ್ಗ್‌ಡಾಲ್ 2014ರಲ್ಲಿ ಬಿಡುಗಡೆಯಾಗಿ ಬಂದಾಗ ಮೊದಲು ಸ್ವಾಗತ, ಆಮೇಲೆ ಬೈಗುಳ, ಕೊನೆಗೆ ಸೇನೆಯ ನ್ಯಾಯಾಲಯ. ಅವನು ಠಾಣೆ ಬಿಟ್ಟು ಹೋಗಿದ್ದನ್ನು ಒಪ್ಪಿಕೊಂಡ.

ನಮ್ಮಲ್ಲೂ ಇದೆ. ಕಾರ್ಗಿಲ್ ಸಮಯದಲ್ಲಿ ಕಾಣೆಯಾದ ಒಬ್ಬ ಯೋಧನನ್ನು ಓಡಿಹೋದವನು ಅಂತ ಬರೆದುಕೊಂಡಿದ್ದರು. 2004ರಲ್ಲಿ ಪಾಕಿಸ್ತಾನದ ಜೈಲಿನಿಂದ ಬಂದಾಗ ಅವನ ಹೆಂಡತಿ ಇನ್ನೊಂದು ಮದುವೆಯಾಗಿ ಗರ್ಭಿಣಿ. ಪಂಚಾಯಿತಿ ಕೂತು, ಟಿವಿ ಕ್ಯಾಮರಾಗಳ ಮುಂದೆ ಅವಳ ಬದುಕನ್ನು ತೀರ್ಮಾನ ಮಾಡಿದರು. ಎರಡು ವರ್ಷ ತುಂಬುವ ಮೊದಲೇ ಅವಳು ತೀರಿಕೊಂಡಳು. ಜೆಸಿಕಾಳನ್ನು ಬೈಯುವವರಿಗೆ ನಾನು ಈ ಹೆಣ್ಣುಮಗಳ ನೆನಪು ಮಾಡಿಕೊಡುತ್ತೇನೆ. ಇನ್ನು 1971ರ ಯುದ್ಧದಲ್ಲಿ ಕಾಣೆಯಾದ 54 ಜನರ ಮನೆಯವರು ಪಾಕಿಸ್ತಾನದ ಜೈಲುಗಳವರೆಗೂ ಹೋಗಿ ಹುಡುಕಿ ಬಂದಿದ್ದಾರೆ.

ಕೊಡಗಿನ ಕಥೆ ನಿಮಗೆ ಗೊತ್ತಿರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಕೆ.ಸಿ. ಕಾರ್ಯಪ್ಪ, 1965ರ ಯುದ್ಧದ ಕೊನೆಯಲ್ಲಿ ವಿಮಾನ ಬಿದ್ದು ಪಾಕಿಸ್ತಾನಕ್ಕೆ ಸೆರೆ ಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು, ಮಗನನ್ನು ಬಿಟ್ಟುಬಿಡಬಹುದು ಅಂತ ಹೇಳಿಕಳಿಸಿದರು. ಸೆರೆಯಲ್ಲಿರುವ ಎಲ್ಲ ಯೋಧರೂ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಅನ್ನುವ ಅರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಮಗ 1966ರಲ್ಲಿ ಉಳಿದವರ ಜೊತೆಗೇ ಬಂದು, ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಲಾಕ್‌ಹಾರ್ಟ್ ಹೆಲಿಕಾಪ್ಟರ್ ವಾಪಸ್ ಕರೆಸುವ ದೃಶ್ಯ ಬಂದಾಗಲೆಲ್ಲ ನನಗೆ ಆ ಅಪ್ಪನ ನೆನಪಾಗುತ್ತದೆ. ಒಬ್ಬರು ತಮ್ಮ ಸ್ವಂತ ಮಗನಿಗೂ ಬೇರೆ ಲೆಕ್ಕ ಹಾಕಲಿಲ್ಲ, ಇನ್ನೊಬ್ಬ ಕೆಲಸ ಮುಗಿಸಿಕೊಟ್ಟ ತನ್ನ ಮನುಷ್ಯನನ್ನೇ ಮಾರಿದ.

ಮುಸ್ಲಿಮರನ್ನು ತೋರಿಸಿದ ರೀತಿಗೆ ತುಂಬಾ ಟೀಕೆ ಬಂದಿತ್ತಲ್ಲ?

ಬಂದಿತ್ತು, ಆ ಟೀಕೆ ನ್ಯಾಯವಾದದ್ದು. 2015ರಲ್ಲಿ ನಿರಾಶ್ರಿತರ ಶಿಬಿರದ ಸೆಟ್‌ಗೆ ಅರಬ್ಬಿಯಲ್ಲಿ ಗೋಡೆಬರಹ ಬೇಕು ಅಂತ ಕೆಲವು ಕಲಾವಿದರನ್ನು ಕರೆಸಿದರು. ಅವರು "ಹೋಮ್‌ಲ್ಯಾಂಡ್ ಜನಾಂಗದ್ವೇಷಿ" ಅಂತಲೇ ಬರೆದರು. ಸೆಟ್‌ನಲ್ಲಿ ಓದಬಲ್ಲವರು ಯಾರೂ ಇರಲಿಲ್ಲ, ಹಾಗೇ ಪ್ರಸಾರ ಆಯಿತು. ಯಾರ ಕಥೆ ಹೇಳುತ್ತೇವೋ ಅವರ ಲಿಪಿಯನ್ನು ಓದಬಲ್ಲ ಒಬ್ಬರಾದರೂ ಜೊತೆಗಿರಬೇಕಿತ್ತು. ಬ್ರೋಡಿ ಗ್ಯಾರೇಜಿನಲ್ಲಿ ನಮಾಜು ಮಾಡುವುದನ್ನೇ ಹೆದರಿಕೆ ಹುಟ್ಟಿಸುವ ಹಾಗೆ ತೋರಿಸಿದ್ದೂ ನನಗೆ ಹಿಡಿಸಲಿಲ್ಲ. ಈಸಾನ ಕಂತುಗಳು ಮಾತ್ರ ಅದಕ್ಕೆ ಎದುರಾಗಿ ನಿಲ್ಲುತ್ತವೆ.

96 ಕಂತು ನೋಡಲು ಸಮಯ ಇಲ್ಲ. ಕೊನೆ ಅರ್ಥ ಆಗಲು ಎಷ್ಟು ನೋಡಿದರೆ ಸಾಕು?

ಮೊದಲ ಸೀಸನ್ ಪೂರ್ತಿ ನೋಡಿ, ಅದನ್ನು ಬಿಟ್ಟರೆ ಏನೂ ಹತ್ತುವುದಿಲ್ಲ. ಎರಡನೆಯದರಲ್ಲಿ ಐದನೇ ಕಂತನ್ನು, ಕ್ಯಾರಿ ಒಂದು ಕೋಣೆಯಲ್ಲಿ ಬರೀ ಮಾತಿನಿಂದ ಬ್ರೋಡಿಯ ಬಾಯಿ ಬಿಡಿಸುವುದನ್ನು, ತಪ್ಪಿಸಬೇಡಿ. ಮೂರನೆಯದು ಶುರುವಿನಲ್ಲಿ ನಿಧಾನ, ಕೊನೆಯ ನಾಲ್ಕು ಕಂತು ಸಾಕು. ನಾಲ್ಕನೇ ಸೀಸನ್ ಪಾಕಿಸ್ತಾನದ ಹಿನ್ನೆಲೆಯದು, ನಮ್ಮ ನಿಮ್ರತ್ ಕೌರ್ ಐಎಸ್ಐ ಅಧಿಕಾರಿಯಾಗಿ ಬರುತ್ತಾರೆ, ಎಂಟನೆಯದರಲ್ಲೂ ಅವರಿದ್ದಾರೆ, ಹಾಗಾಗಿ ಅದನ್ನು ನೋಡಿದರೆ ಒಳ್ಳೆಯದು. ಐದು, ಆರು ಬಿಡಬಹುದು. ಏಳನೆಯದರ ಕೊನೆ ಕಂತು ನೋಡಿ ನೇರ ಎಂಟಕ್ಕೆ ಹೋಗಿ. ಎಂಟು ಮುಗಿದ ಮೇಲೆ ಅದೇ ರಾತ್ರಿ ಮತ್ತೆ ಮೊದಲ ಸೀಸನ್‌ನ ಮೊದಲ ಕಂತು ಹಾಕಿ, ಬ್ರೋಡಿ ವಿಮಾನದಿಂದ ಇಳಿದು ಮನೆಯವರನ್ನು ನೋಡುವ ಜಾಗಕ್ಕೆ ಬಂದಾಗ, ಅವನನ್ನು ಅನುಮಾನದಿಂದ ನೋಡುತ್ತಿರುವ ಕ್ಯಾರಿಯ ಮುಖ ನೋಡಿ.